ಹೆಗಲ ಮರ, ಬೆರಳ ಮರ

ಬಸವನಗುಡಿಯ ನಮ್ಮ ಬೋನ್ಸಾಯ್ ತೋಟಕ್ಕೆ ಈ ವರ್ಷ ಹೊಸದಾಗಿ ನಾಲ್ಕು ಜನ ಕೆಲಸಕ್ಕೆ ಸೇರಿದ್ದಾರೆ. ಈಗ ತೋಟ ನಡೆಸುತ್ತಿರುವ ಸಹನಾ, ನಮ್ಮ ಮೇಡಂ ಅವರ ತಂಗಿಯ ಮಗಳು, ಕಳೆದ ತಿಂಗಳು ಮನೆಗೆ ಬಂದಿದ್ದಳು. "ಅಂಕಲ್, ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ. ಇವರೆಲ್ಲ ವಿಡಿಯೋ ನೋಡ್ಕೊಂಡು ಬಂದಿದಾರೆ, ಕೈಗೆ ಮಣ್ಣು ಅಂಟಿಲ್ಲ" ಎಂದಳು. ಅವಳಿಗೆ ಬೇಕಾಗಿದ್ದದ್ದು ಗೊಬ್ಬರದ ಅಳತೆ, ಕತ್ತರಿಸುವ ಕಾಲ, ತಂತಿ ಸುತ್ತುವ ಕ್ರಮ. ಅವೆಲ್ಲ ಆ ವಿಡಿಯೋಗಳಲ್ಲೇ ನನಗಿಂತ ಚೆನ್ನಾಗಿ ಸಿಗುತ್ತವೆ. ಅಲ್ಲಿ ಸಿಗದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಕಾಟನ್‌ಪೇಟೆಯಲ್ಲಿ ನಮ್ಮದು ಹಗ್ಗ, ಗೋಣಿಚೀಲದ ಅಂಗಡಿ. ಗಲ್ಲಾದ ಮುಂದೆ ಕೂರಲು ಮೂವರು ಅಣ್ಣಂದಿರು ಇದ್ದುದರಿಂದ ನನ್ನ ಪಾಲಿಗೆ ಬಂದದ್ದು ಮೂಟೆ ಎತ್ತಿ ಇಳಿಸುವ ಕೆಲಸ. ಒಂದು ದಿನ ಕನ್ನಡಕ ಹಾಕಿದ, ನೂಲಿನ ಸೀರೆಯ ಹೆಂಗಸೊಬ್ಬರು ಬಂದು ಸಣ್ಣ ಎಳೆಯ ತೆಂಗಿನ ಹಗ್ಗ ಕೇಳಿದರು. ಯಾತಕ್ಕೆ ಎಂದು ಅಣ್ಣ ಕೇಳಿದ್ದಕ್ಕೆ, "ಕೊಂಬೆ ಬಗ್ಗಿಸೋಕೆ" ಎಂದರು. ಸುರುಳಿ ಭಾರವಾಗಿತ್ತು. ಹೊತ್ತುಕೊಂಡು ಅವರ ಮನೆಯವರೆಗೆ ಹೋದೆ. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಲ್ಲುಬೆಂಚುಗಳ ಮೇಲೆ ಸಾಲಾಗಿ ಕುಂಡಗಳಿದ್ದವು. ಒಂದು ಆಲದ ಮರ ನನ್ನ ಎದೆಯೆತ್ತರ ಇತ್ತು. ಬಿಳಲು ಬಿಟ್ಟು, ಬುಡ ಬಲಿತು, ನೂರು ವರ್ಷದ ಮರದ ಹಾಗೆಯೇ ನಿಂತಿತ್ತು. "ಇದನ್ನ ಆ ಬೆಂಚಿಗೆ ಇಡ್ಬೇಕು, ಮೂರು ದಿನದಿಂದ ಜನ ಸಿಕ್ತಿಲ್ಲ" ಎಂದರು. ನಾನೂ ಅವರ ಮಾಲಿಗಳಿಬ್ಬರೂ ಸೇರಿ ಎತ್ತಿಟ್ಟೆವು. "ನಾಳೆ ಬರ್ತೀರಾ?" ಎಂದರು. ಹೋದೆ. ಮೂವತ್ತನಾಲ್ಕು ವರ್ಷ ಹೋದೆ.

ಅವರು ರುಕ್ಮಿಣಿ ಮೇಡಂ. ಆಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ಭಾನುವಾರ ತೋಟದಲ್ಲಿ ಬೋನ್ಸಾಯ್ ತರಗತಿ ನಡೆಸುತ್ತಿದ್ದರು. ಮಾತು ಕಡಿಮೆ, ಮೆಚ್ಚುಗೆ ಇನ್ನೂ ಕಡಿಮೆ. ನಮ್ಮ ಕೆಲಸ ನೋಡಿ "ಪರವಾಗಿಲ್ಲ" ಎಂದರೆ ಆವತ್ತು ನಮಗೆ ಹಬ್ಬ. ಜಪಾನಿನಲ್ಲಿ ಮರದ ಗಾತ್ರವನ್ನು ಎಷ್ಟು ಕೈ ಸೇರಿ ಎತ್ತಬೇಕು ಎಂಬುದರ ಮೇಲೆ ಹೇಳುತ್ತಾರೆ, ಒಂದು ಕೈಯ ಮರ, ಎರಡು ಕೈಯ ಮರ, ನಾಲ್ಕು ಕೈಯ ಮರ ಎಂದು ಅವರು ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಕೆಲಸದವರು ನಾವು ಅಷ್ಟೆಲ್ಲ ಲೆಕ್ಕಕ್ಕೆ ಹೋಗುತ್ತಿರಲಿಲ್ಲ. ನಾಲ್ಕೈದು ಜನ ಹೆಗಲು ಕೊಡಬೇಕಾದದ್ದು ಹೆಗಲ ಮರ. ಎರಡು ಬೆರಳಲ್ಲಿ ಎತ್ತಬಹುದಾದದ್ದು ಬೆರಳ ಮರ. ನಡುವೆ ಇರುವುದೆಲ್ಲ ಮಾರುವ ಮರ.

ಹೆಗಲ ಮರಗಳು ನನ್ನ ವಶಕ್ಕೆ ಬಂದವು. ಬೆರಳ ಮರಗಳು ನಾನು ಸೇರುವುದಕ್ಕೆ ಎರಡು ವರ್ಷ ಮೊದಲಿನಿಂದ ವನಜಾಕ್ಷಮ್ಮನ ವಶದಲ್ಲಿದ್ದವು. ಅವರು ಬಿನ್ನಿಪೇಟೆಯವರು. ತಾಯಿ ಮಿಲ್ಲಿನಲ್ಲಿ ಕಡಿದ ನೂಲಿನ ಎಳೆ ಹುಡುಕಿ ಗಂಟು ಹಾಕುವ ಕೆಲಸ ಮಾಡಿದವರು. ಆ ಬೆರಳುಗಳೇ ಮಗಳಿಗೂ ಬಂದಿದ್ದವು. ಮನೆಯಲ್ಲಿ ಅವರು ಮತ್ತು ಆರೋಗ್ಯ ಸರಿಯಿಲ್ಲದ ಅಕ್ಕ. ಇವರ ಸಂಬಳವೇ ಇಬ್ಬರಿಗೂ ಆಧಾರ. ನನ್ನನ್ನು ಮೊದಲ ದಿನ ನೋಡಿ, "ಮೇಡಂ, ಹಮಾಲಿಯವರು ಬಂದಿದಾರೆ" ಎಂದು ಕೂಗಿ ಹೇಳಿದರು. ನಾನು ಅವರ ಕೆಲಸಕ್ಕೆ ಗೊಂಬೆಯಾಟ ಎಂದು ಹೆಸರಿಟ್ಟೆ. ಯಾರ ಕೆಲಸ ಕಷ್ಟ ಎಂಬ ಜಗಳ ಅಲ್ಲಿಂದ ಶುರುವಾದದ್ದು ಇಪ್ಪತ್ತಮೂರು ವರ್ಷ ನಡೆಯಿತು.

ಮೇಡಂ ದೊಡ್ಡದನ್ನೂ ಸಣ್ಣದನ್ನೂ ಹೋಲಿಸಲು ಒಂದು ಕ್ರಮ ಇಟ್ಟುಕೊಂಡಿದ್ದರು. ಅದನ್ನು ಬೇರೆ ಕಡೆ ನಾನು ನೋಡಿಲ್ಲ. ಒಂದೇ ಜಾತಿಯ ಹೆಗಲ ಮರ ಒಂದು, ಬೆರಳ ಮರ ಒಂದು ಆರಿಸಿ, ಎರಡಕ್ಕೂ ಹಿಂದೆ ಬಿಳಿ ಬಟ್ಟೆ ಕಟ್ಟಿ, ಬೇರೆ ಬೇರೆಯಾಗಿ ಫೋಟೋ ತೆಗೆಸುತ್ತಿದ್ದರು. ಕುಂಡ ಕಾಣಬಾರದು, ಅಳತೆಗೆ ಸಿಗುವಂಥ ಇನ್ನೊಂದು ವಸ್ತು ಕಾಣಬಾರದು. ಎರಡೂ ಫೋಟೋ ಒಂದೇ ಗಾತ್ರ. ಅವನ್ನು ತರಗತಿಯ ಗೋಡೆಗೆ ಅಂಟಿಸಿ, "ಇದರಲ್ಲಿ ದೊಡ್ಡದು ಯಾವುದು ಹೇಳಿ" ಎನ್ನುವರು. ಯಾರಾದರೂ ಸರಿಯಾಗಿ ಹೇಳಿಬಿಟ್ಟರೆ ಆ ಜೋಡಿಯಲ್ಲಿ ಒಂದು ಮರ ಸೋತಂತೆ. ಸಾಮಾನ್ಯವಾಗಿ ಸಣ್ಣದೇ ಸೋಲುತ್ತಿತ್ತು. ಕುಂಡ ಸಣ್ಣದು ಮಾಡಿದಷ್ಟು ಎಲೆ ಸಣ್ಣದಾಗುವುದಿಲ್ಲ. ಎಲೆಯೇ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಜೋಡಿ ಮಾತ್ರ ಎಷ್ಟೋ ವರ್ಷ ಸೋಲಲಿಲ್ಲ. ಎರಡೂ ಹುಣಸೆ. ದೊಡ್ಡದನ್ನು ಎತ್ತಲು ಆರು ಜನ ಬೇಕಿತ್ತು. ಸಣ್ಣದು ಕುಂಕುಮದ ಭರಣಿಯಷ್ಟು ಕುಂಡದಲ್ಲಿತ್ತು, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ. ಪ್ರತಿ ವರ್ಷದ ಪ್ರದರ್ಶನದಲ್ಲಿ ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಡುತ್ತಿದ್ದೆವು, ಹಿಂದೆ ಆ ಎರಡು ಫೋಟೋ. ಮಲ್ಲೇಶ್ವರದಿಂದ, ಚಾಮರಾಜಪೇಟೆಯಿಂದ ಜನ ಇದನ್ನು ನೋಡಲೆಂದೇ ಬರುತ್ತಿದ್ದರು. ದೊಡ್ಡದರ ಮುಂದೆ ಅರೆ ನಿಮಿಷ ನಿಂತು, ಸಣ್ಣದರ ಮುಂದೆ ಹತ್ತು ನಿಮಿಷ ಬಗ್ಗಿ ನೋಡಿ, "ಇದನ್ನ ಯಾರು ಮಾಡಿದ್ದು?" ಎಂದು ಕೇಳುವರು. ವನಜಾಕ್ಷಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬರುವರು. ಇನ್ನೈದು ಜನರ ಜೊತೆ ದೊಡ್ಡದನ್ನು ಹೊತ್ತು ತಂದ ನಾನು ಗೋಡೆಗೆ ಒರಗಿ ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ತಪ್ಪುಗಳಿಂದ ಶುರು ಮಾಡುತ್ತೇನೆ. ಸೇರಿದ ಎರಡನೆಯ ವರ್ಷ ಮಲ್ಲೇಶ್ವರದ ಪ್ರದರ್ಶನ ಮುಗಿಸಿ ಆಲದ ಮರವನ್ನು ಟೆಂಪೋದಲ್ಲಿ ವಾಪಸು ತರುತ್ತಿದ್ದೆವು. ಹಗ್ಗದ ಅಂಗಡಿಯಲ್ಲಿ ಬೆಳೆದವನಿಗೆ ಹಗ್ಗ ಕಟ್ಟಲು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗೆ. ಮೂಟೆಯ ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟುವುದು ಪೇಟೆಯ ಪದ್ಧತಿ. ಹಾಗೆಯೇ ಮರದ ಕಾಂಡಕ್ಕೆ ಬಿಗಿದೆ, ಕುಂಡಕ್ಕೆ ಕಟ್ಟಲಿಲ್ಲ. ಮೆಜೆಸ್ಟಿಕ್ ಹತ್ತಿರ ಬಸ್ಸೊಂದು ಅಡ್ಡ ಬಂದು ಡ್ರೈವರು ಬ್ರೇಕ್ ಒತ್ತಿದಾಗ ಕುಂಡ ಮುಂದಕ್ಕೆ ಜಾರಿತು, ಮರ ಇದ್ದಲ್ಲೇ ಇತ್ತು. ಬೇರಿನ ಹೆಂಟೆ ಸಮೇತ ಮರ ಹಗ್ಗದಲ್ಲಿ ನೇತಾಡುತ್ತಿತ್ತು, ಖಾಲಿ ಕುಂಡ ಡ್ರೈವರನ ಬೆನ್ನ ಹಿಂದಿನ ಹಲಗೆಗೆ ಬಡಿದು ಬಿರುಕು ಬಿಟ್ಟಿತ್ತು. ಒದ್ದೆ ಗೋಣಿ ಸುತ್ತಿ, ಕೂಸಿನ ಹಾಗೆ ಹಿಡಿದುಕೊಂಡು ತೋಟಕ್ಕೆ ತಂದೆ. ಕೆಲಸ ಹೋಯಿತು ಎಂದುಕೊಂಡಿದ್ದೆ. ಮೇಡಂ ಬೇರನ್ನು ಸುತ್ತ ನೋಡಿ, "ಹೇಗಿದ್ರೂ ಮುಂದಿನ ತಿಂಗಳು ಬೇರು ಕತ್ತರಿಸಬೇಕಿತ್ತು. ಕತ್ತರಿ ತನ್ನಿ" ಎಂದರು. ಮರ ಬದುಕಿತು. ದೊಡ್ಡ ಮರದ ಗುಣವೇ ಅದು: ನಿಮ್ಮ ತಪ್ಪನ್ನು ಅದು ಬೇಗ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡು ವಾರ ನೀರು ಹೆಚ್ಚುಕಡಿಮೆಯಾದರೂ ತಾಳಿಕೊಂಡು, ಮುಂದಿನ ವರ್ಷ ನಿಧಾನವಾಗಿ ಒಂದು ಕೊಂಬೆ ಒಣಗಿಸಿ ತೋರಿಸುತ್ತದೆ.

ಸಣ್ಣದು ಹಾಗಲ್ಲ. ಬೆಳಗಿನ ತಪ್ಪಿಗೆ ಮಧ್ಯಾಹ್ನವೇ ಉತ್ತರ. ಬೇಸಿಗೆಯಲ್ಲಿ ಭರಣಿಯಷ್ಟು ಮಣ್ಣು ಎರಡು ಗಂಟೆಯಲ್ಲಿ ಒಣಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ನೀರು. ಒಮ್ಮೆ ವನಜಾಕ್ಷಮ್ಮ ಬಂಧುಗಳ ಮದುವೆಗೆಂದು ಹತ್ತು ದಿನ ರಜೆ ಹಾಕಿ, ಬೆರಳ ಮರಗಳನ್ನು ನನಗೆ ಒಪ್ಪಿಸಿ ಹೋದರು. ದಿನಕ್ಕೆ ನಾಲ್ಕು ಸಲ ಯಾರು ಓಡಾಡುತ್ತಾರೆ? ನಾನು ಬುದ್ಧಿವಂತಿಕೆ ಮಾಡಿ ಒಂದು ಅಗಲವಾದ ತಟ್ಟೆಗೆ ಮರಳು ತುಂಬಿ, ಚೆನ್ನಾಗಿ ನೆನೆಸಿ, ಕುಂಡಗಳನ್ನೆಲ್ಲ ಅದರ ಮೇಲೆ ಕೂರಿಸಿದೆ. ತೇವ ಕೆಳಗಿನಿಂದ ಏರುತ್ತಿತ್ತು, ಮರಗಳು ಹಸಿರಾಗಿ ನಗುತ್ತಿದ್ದವು. ಮೀಸೆ ತಿರುವಿದೆ. ವನಜಾಕ್ಷಮ್ಮ ವಾಪಸು ಬಂದು ಒಂದು ಕುಂಡ ಎತ್ತಲು ಹೋದರೆ ಅದು ಬರಲಿಲ್ಲ. ಹತ್ತು ದಿನದಲ್ಲಿ ಬೇರುಗಳು ತಳದ ತೂತಿನಿಂದ ಹೊರಬಂದು ಮರಳಿಗೆ ಇಳಿದಿದ್ದವು. ಕತ್ತರಿಸಿದರೆ ಮರಕ್ಕೆ ಪೆಟ್ಟು, ಬಿಟ್ಟರೆ ಎಲೆ ದೊಡ್ಡದಾಗುತ್ತದೆ. "ಮಕ್ಕಳನ್ನ ನೋಡ್ಕೊಳ್ಳಿ ಅಂದ್ರೆ ಹಂಡೆ ತುಂಬ ಅನ್ನ ಇಟ್ಟು ಹೋಗ್ಬಿಟ್ರಾ ಬಸವರಾಜಣ್ಣ?" ಎಂದರು. ಒಂದು ವಾರ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು, ಉಗುರು ಕತ್ತರಿಯಲ್ಲಿ ಒಂದೊಂದೇ ಬೇರು ಕತ್ತರಿಸಿದರು. ಒಂದೂ ಸಾಯಲಿಲ್ಲ. ಮೇಡಂಗೆ ಹೇಳಲೂ ಇಲ್ಲ.

ಮರ ಕೊಂಡವರ ಮನೆಗಳಿಗೂ ನಾವೇ ಹೋಗಿ ನೋಡಿಕೊಳ್ಳುತ್ತಿದ್ದೆವು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೇಡಂ ಹತ್ತಿರ ಕಾಡಿ ಬೇಡಿ ಒಂದು ಬೆರಳ ಮರ ಕೊಂಡು, ಅದರಲ್ಲಿ ನಲವತ್ತಮೂರು ಎಲೆ ಇವೆ ಎಂದು ಎಣಿಸಿಟ್ಟುಕೊಂಡಿದ್ದರು. ಒಂದು ಎಲೆ ಉದುರಿದರೆ ಲಕೋಟೆಯಲ್ಲಿ ಹಾಕಿಕೊಂಡು ತೋಟಕ್ಕೆ ಬರುವರು. ವನಜಾಕ್ಷಮ್ಮ ಅದನ್ನು ಗಂಭೀರವಾಗಿ ತಿರುಗಿಸಿ ನೋಡಿ, "ವಯಸ್ಸಾಗಿತ್ತು ಸಾರ್, ಸಹಜವಾದ ಸಾವು" ಎನ್ನುವರು. ಸಮಾಧಾನದಿಂದ ಹೋಗುತ್ತಿದ್ದರು.

ಚಾಮರಾಜಪೇಟೆಯ ಮನೆಯೊಂದರ ಅಜ್ಜಿಗೆ, ಮನೆಯಲ್ಲಿ ಕುಳ್ಳಮರ ಇದ್ದರೆ ಮಕ್ಕಳು ಬೆಳೆಯುವುದಿಲ್ಲ ಎಂದು ಯಾರೋ ವಾಸ್ತು ಹೇಳಿದ್ದರು. ಮೊಮ್ಮಗ ಎಂಟನೆಯ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. "ತಗೊಂಡು ಹೋಗಿಬಿಡಪ್ಪ, ದುಡ್ಡು ವಾಪಸ್ ಬೇಡ" ಎಂದು ನನ್ನ ಕೈಗೆ ಕುಂಡ ಕೊಟ್ಟರು. ತೋಟದಲ್ಲಿಟ್ಟುಕೊಂಡೆವು. ನಾಲ್ಕು ವರ್ಷದ ಮೇಲೆ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಆರಡಿ ದಾಟಿದ್ದ. "ಇನ್ನು ಸಾಕಪ್ಪ, ಬಾಗಿಲಿಗೆ ದಿನಾ ತಲೆ ಹೊಡೆಸ್ಕೋತಾನೆ. ಆ ಮರ ವಾಪಸ್ ಕೊಡು" ಎಂದರು. ಮೇಡಂ ನಕ್ಕಿದ್ದನ್ನು ನಾನು ನೋಡಿದ ಎರಡು ಮೂರು ಸಲಗಳಲ್ಲಿ ಅದೊಂದು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ತಾಮ್ರದ ತಂತಿ ತಂದು, ಬೆಂಕಿಯಲ್ಲಿ ಕಾಯಿಸಿ ಮೆದು ಮಾಡಿ ಸುತ್ತುತ್ತಿದ್ದೆವು. ಆಮೇಲೆ ಅಲ್ಯೂಮಿನಿಯಂ ಬಂತು, ಬೆಂಕಿಯ ಕೆಲಸ ಹೋಯಿತು. ಇಟ್ಟಿಗೆ ಚೂರನ್ನು ಮೂರು ಜರಡಿಯಲ್ಲಿ ಜರಡಿ ಹಿಡಿಯುವುದು ವಾರದ ಕೆಲಸವಾಗಿತ್ತು. ಈಗ ಮಣ್ಣು ಪ್ಯಾಕೆಟ್ಟಿನಲ್ಲಿ ಬಾಗಿಲಿಗೆ ಬರುತ್ತದೆ. ನೀರಿಗೆ ಟೈಮರ್ ಹಾಕಿದರು, ಕರೆಂಟು ಹೋದ ದಿನ ಹನ್ನೊಂದು ಬೆರಳ ಮರ ಸತ್ತವು, ಟೈಮರ್ ತೆಗೆದರು. ಬದಲಾಗದೆ ಉಳಿದದ್ದು ಹೆಗಲ ಮರದ ಕೊಂಬೆಗೆ ಹಗ್ಗ ಕಟ್ಟುವುದು. ದಪ್ಪ ಕೊಂಬೆಗೆ ತಂತಿ ಸಾಲದು. ಹಗ್ಗ ಕಟ್ಟಿ, ವಾರಕ್ಕೊಂದು ಸಲ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಬೇಕು. ಹೆಚ್ಚಾದರೆ ಕೊಂಬೆಯೊಳಗೆ ಚಿಟಪಟ ಎಂದು ಸದ್ದಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಇನ್ನು ಬರೆಯಬೇಕಾದದ್ದಕ್ಕೆ ಬರುತ್ತೇನೆ.

ವನಜಾಕ್ಷಮ್ಮ ಸೇರಿ ಇಪ್ಪತ್ತೈದು ವರ್ಷವಾದ ಹೊತ್ತಿಗೆ ಅವರ ಮರಗಳಲ್ಲಿ ಹಿಂದೆಂದೂ ಇಲ್ಲದ ತಪ್ಪುಗಳು ಕಾಣತೊಡಗಿದವು. ತಂತಿಯನ್ನು ಸಕಾಲಕ್ಕೆ ಬಿಚ್ಚದೆ ಅದು ತೊಗಟೆಯೊಳಗೆ ಹೂತುಹೋಗುತ್ತಿತ್ತು. ಎಲೆಯ ಹಿಂದೆ ಬಿಳಿ ಹುಳು ಕೂತಿದ್ದರೂ ಹಾಗೇ ಬಿಡುತ್ತಿದ್ದರು. ನೀರು ಹಾಕುವ ಮೊದಲು ಮಣ್ಣನ್ನು ನೋಡುತ್ತಿರಲಿಲ್ಲ, ಕುಂಡವನ್ನು ಅಂಗೈಯಲ್ಲಿಟ್ಟು ತೂಗುತ್ತಿದ್ದರು. ಒಂದು ದಿನ ನಾನು ಮೂರು ಹೆಜ್ಜೆ ದೂರದಲ್ಲಿ ನಿಂತು ಸುಮ್ಮನೆ ಕೈಯಾಡಿಸಿದೆ. ಅವರಿಗೆ ಗೊತ್ತಾಗಲಿಲ್ಲ.

"ಎಷ್ಟು ದಿನದಿಂದ?" ಎಂದೆ.

ಬೆಂಚಿನ ಮೇಲೆ ಕೂತರು. ಕಣ್ಣಿನ ನರದ ತೊಂದರೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಇರುವುದು ನಿಧಾನವಾಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. "ಮೇಡಂಗೆ ಹೇಳ್ಬೇಡಿ ಬಸವರಾಜಣ್ಣ. ಕಣ್ಣು ಕಾಣದವಳ ಕೈಗೆ ಯಾರು ಮರ ಕೊಡ್ತಾರೆ? ನಾನು ಮನೇಲಿ ಕೂತ್ರೆ ಅಕ್ಕನ ಗತಿ ಏನು?"

ಆ ಭಯಕ್ಕೆ ಕಾರಣ ಇತ್ತು. ಹಿಂದೆ ಒಬ್ಬ ಹಳೆಯ ಮಾಲಿಯ ಕೈ ನಡುಗಲು ಶುರುವಾದಾಗ ಮೇಡಂ ಅದೇ ತಿಂಗಳು ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು ಮನೆಗೆ ಕಳಿಸಿದ್ದರು. ಅವರು ಕೆಟ್ಟವರಲ್ಲ. ಮರ ಮೊದಲು, ಮನುಷ್ಯರು ಆಮೇಲೆ, ಅಷ್ಟೇ.

ಇತ್ತ ನನ್ನ ಬೆನ್ನು ಕೈಕೊಟ್ಟಿತ್ತು. ಸೊಂಟದ ಮೂಳೆ ಜರುಗಿದೆ, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ನಾನೂ ಮೇಡಂಗೆ ಹೇಳಿರಲಿಲ್ಲ. ನನ್ನ ಬೆನ್ನು, ಅವರ ಕಣ್ಣು ಎರಡನ್ನೂ ಒಂದೇ ಬೆಂಚಿನ ಮೇಲೆ ಇಟ್ಟು ನೋಡಿದಾಗ ದಾರಿ ತಾನಾಗಿ ಕಂಡಿತು. ಮೇಡಂ ಪೂಜೆ ಮುಗಿಸಿ ತೋಟಕ್ಕೆ ಬರುವುದು ಹತ್ತು ಗಂಟೆಗೆ. ಆರೂವರೆಯಿಂದ ಹತ್ತರವರೆಗೆ ನಾವು ಕೆಲಸ ಬದಲಾಯಿಸಿಕೊಂಡೆವು. ನಾನು ಭೂತಗನ್ನಡಿ ಹಿಡಿದು ಬೆರಳ ಮರಗಳ ಮುಂದೆ, ಅವರು ಹೆಗಲ ಮರಗಳ ಬಳಿ. ಎತ್ತುವುದಕ್ಕೆ ಮಾಲಿಗಳಿದ್ದರು, ಉಳಿದದ್ದು ಕೈಯಿಂದ ತಿಳಿಯುವ ಕೆಲಸ. ಹತ್ತು ಗಂಟೆಗೆ ಗೇಟಿನ ಚಿಲಕ ಸದ್ದಾದರೆ ಇಬ್ಬರೂ ನಮ್ಮ ನಮ್ಮ ಜಾಗಕ್ಕೆ.

ಒಂದು ವರ್ಷ ಹೀಗೆ ನಡೆಯಿತು. ಆ ವರ್ಷ ನಮ್ಮ ಇಪ್ಪತ್ತಮೂರು ವರ್ಷದ ಜಗಳ ನಿಂತಿತು. ಗೊಂಬೆಯಾಟ ಎಂದುಕೊಂಡಿದ್ದ ಕೆಲಸದಲ್ಲಿ ನನಗೆ ಮೊದಲ ತಿಂಗಳು ಉಸಿರು ಕಟ್ಟುತ್ತಿತ್ತು. ಇಪ್ಪತ್ತು ಎಲೆ ಇರುವ ಮರದಲ್ಲಿ ಐದು ಎಲೆ ತಪ್ಪಾಗಿ ಕತ್ತರಿಸಿದರೆ ಕಾಲು ಭಾಗ ಮರ ಹೋದಂತೆ. ವನಜಾಕ್ಷಮ್ಮನಿಗೆ ದೊಡ್ಡದರ ಭಾರ ಬೇರೆ ರೀತಿ ತಟ್ಟಿತು. "ಇದು ಇವತ್ತು ಮಾಡಿದ್ದಕ್ಕೆ ಮುಂದಿನ ವರ್ಷ ಉತ್ತರ ಕೊಡುತ್ತಲ್ಲ, ಅಲ್ಲೀವರೆಗೆ ನಿದ್ದೆ ಹೇಗ್ರೀ ಮಾಡ್ತಿದ್ರಿ?" ಎಂದು ಕೇಳಿದರು. ನಾನು ಚೆನ್ನಾಗಿಯೇ ನಿದ್ದೆ ಮಾಡಿದ್ದೆ. ಅವರು ಬಿಳಲುಗಳನ್ನು ಬೆರಳಲ್ಲಿ ಎಣಿಸಿ, ಯಾವುದು ಹೊಸದು ಎಂದು ಹೇಳುತ್ತಿದ್ದರು. ಹಗ್ಗ ಬಿಗಿಯುವಾಗ ಕೊಂಬೆಗೆ ಕಿವಿಯಿಟ್ಟು ಕೇಳುತ್ತಿದ್ದರು. ನನಗೆ ಕೇಳಿಸುವುದಕ್ಕಿಂತ ಎಷ್ಟೋ ಮೊದಲೇ ಅವರಿಗೆ ಆ ಸದ್ದು ಸಿಗುತ್ತಿತ್ತು.

ಆ ವರ್ಷದ ಪ್ರದರ್ಶನ ಒಂದು ಭಾನುವಾರ ಇತ್ತು. ಗುರುವಾರ ಮೇಡಂ ಹುಣಸೆಯ ಜೋಡಿಯನ್ನು ನೋಡಿ, ಸಣ್ಣದರ ಕೆಳಗಿನ ಕೊಂಬೆ ದೊಡ್ಡದರಷ್ಟು ಬಾಗಿಲ್ಲ, ಎರಡೂ ಹೊಂದುವುದಿಲ್ಲ, ಸ್ವಲ್ಪ ಇಳಿಸಿ ಎಂದು ವನಜಾಕ್ಷಮ್ಮನಿಗೆ ಹೇಳಿ ಹೋದರು. ವನಜಾಕ್ಷಮ್ಮ ನನಗೆ ಹೇಳಿದರು: "ನಾಳೆ ಬೆಳಿಗ್ಗೆ ಅದಕ್ಕೆ ನೀರು ಹಾಕ್ಬೇಡಿ. ಸ್ವಲ್ಪ ಬಾಡ್ಲಿ. ಎಂಟು ಗಂಟೆ ಮೇಲೆ ಬಗ್ಗಿಸಿ. ನೀರು ಕುಡಿದಿರೋ ಕೊಂಬೆ ಸೌತೆಕಾಯಿ ಥರ, ಲಟಕ್ ಅನ್ನುತ್ತೆ."

ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಎಲ್ಲ ಬೆರಳ ಮರಗಳಿಗೂ ನೀರು ಹಾಕಿದೆ. ಹುಣಸೆಗೂ ಹಾಕಿದೆ. ಮರೆತೆ ಎನ್ನಲಾರೆ. ಹಾಕುವಾಗಲೇ ಅವರ ಮಾತು ನೆನಪಾಯಿತು, ಒಂದು ಹೊತ್ತಿನ ನೀರು ಏನು ಮಾಡುತ್ತದೆ, ಹೆಗಲ ಮರಕ್ಕೆ ನಾನು ಎಂದೂ ಇದನ್ನೆಲ್ಲ ನೋಡಿಲ್ಲ ಎಂದುಕೊಂಡೆ. ತಂತಿ ಸುತ್ತಿ, ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ ಒತ್ತಿದೆ. ಚಿಟಪಟ ಸದ್ದು ಬಂದಾಗ ನಿಲ್ಲಿಸೋಣ ಎಂದು ಕಿವಿಗೊಟ್ಟಿದ್ದೆ. ಬೆಂಕಿಕಡ್ಡಿಗಿಂತ ತೆಳ್ಳಗಿನ ಕೊಂಬೆ ಅದು, ಮುನ್ಸೂಚನೆ ಏನೂ ಕೊಡಲಿಲ್ಲ. ಬುಡದಿಂದಲೇ ಕಳಚಿ ನನ್ನ ಕೈಗೆ ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ವನಜಾಕ್ಷಮ್ಮ ಬೆಳೆಸಿದ ಕೊಂಬೆ.

ಅವರು ಪಕ್ಕದ ಬೆಂಚಿನಲ್ಲಿ ದೊಡ್ಡ ಹುಣಸೆಯ ಬುಡದಲ್ಲಿ ಪಾಚಿ ಕೂರಿಸುತ್ತಿದ್ದರು. "ಯಾಕೆ ಸುಮ್ಮನಾದ್ರಿ?" ಎಂದರು. ನಾನು ಎದ್ದುಹೋಗಿ ಕೊಂಬೆಯನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಿನಿಂದ ಒಂದು ಸಲ ಸವರಿದರು. ಅಷ್ಟರಲ್ಲಿ ಚಿಲಕದ ಸದ್ದಾಯಿತು. ಪ್ರದರ್ಶನದ ಗಡಿಬಿಡಿಯಲ್ಲಿ ಮೇಡಂ ಆ ದಿನ ಒಂಬತ್ತಕ್ಕೇ ಬಂದಿದ್ದರು.

ಮೇಡಂ ಮೊದಲು ಕುಂಡ ನೋಡಿದರು, ಆಮೇಲೆ ವನಜಾಕ್ಷಮ್ಮನ ಕೈ ನೋಡಿದರು. "ಏನಿದು?"

"ಕೈ ಜಾರ್ತು ಮೇಡಂ. ತಪ್ಪಾಯ್ತು."

ಮೇಡಂ ನನ್ನ ಕಡೆ ತಿರುಗಿದರು. ನಾನು ಮುರಿದೆ ಎಂದರೆ, ಬೆರಳ ಮರ ನಿಮ್ಮ ಕೈಗೆ ಯಾಕೆ ಬಂತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ವನಜಾಕ್ಷಮ್ಮನಿಗೆ ಶಾಲು, ಹಣ್ಣಿನ ತಟ್ಟೆ. ಆ ಒಂದು ಗಳಿಗೆಯಲ್ಲಿ ನಾನು ಇಷ್ಟನ್ನು ಯೋಚಿಸಿದೆನೋ, ಆಮೇಲೆ ಕೂಡಿಸಿಕೊಂಡೆನೋ ಗೊತ್ತಿಲ್ಲ. ಬಾಯಿ ತೆರೆಯಲಿಲ್ಲ.

"ಇಪ್ಪತ್ತಾರು ವರ್ಷ ಜಾರದಿದ್ದ ಕೈ" ಎಂದರು ಮೇಡಂ. "ಸೋಮವಾರದಿಂದ ಬೆರಳ ಮರ ಬಸವರಾಜು ನೋಡ್ಕೊಳ್ಳಲಿ. ನೀವು ದೊಡ್ಡದರ ಕಡೆ ಹೋಗಿ. ಅಲ್ಲಿ ಕೈ ಜಾರಿದ್ರೂ ನಡೆಯುತ್ತೆ" ಎಂದು ಒಳಗೆ ಹೋದರು.

ಹೀಗೆ ನಾವು ಕದ್ದು ಮಾಡುತ್ತಿದ್ದದ್ದು ಕಾಯಂ ಆಯಿತು. ಕೆಲಸ ಉಳಿಯಿತು. ವನಜಾಕ್ಷಮ್ಮ ಇನ್ನೂ ಏಳು ವರ್ಷ ಹೆಗಲ ಮರಗಳನ್ನು ನೋಡಿಕೊಂಡರು, ಅಷ್ಟರಲ್ಲಿ ಅವರ ಅಕ್ಕನೂ ತೀರಿಕೊಂಡರು. ಮೇಡಂಗೆ ಕಣ್ಣಿನ ವಿಷಯ ತಿಳಿದಿತ್ತೋ ಇಲ್ಲವೋ, ಕೊನೆಯವರೆಗೂ ನಮಗೆ ಗೊತ್ತಾಗಲಿಲ್ಲ.

ಸಣ್ಣ ಹುಣಸೆ ಸಾಯಲಿಲ್ಲ, ಆದರೆ ಜೋಡಿ ಮುಗಿಯಿತು. ಆ ಭಾನುವಾರ ದೊಡ್ಡದೊಂದನ್ನೇ ಮೇಜಿನ ಮೇಲಿಟ್ಟೆವು. ವರ್ಷವರ್ಷ ಬರುತ್ತಿದ್ದ ಒಬ್ಬ ಹೆಂಗಸು ಸಣ್ಣದು ಎಲ್ಲಿ ಎಂದು ಕೇಳಿದರು. ಯಾರೋ ಹೇಳಿದರು. ಅವರು ವನಜಾಕ್ಷಮ್ಮನ ಕಡೆ ತಿರುಗಿ, "ಅಯ್ಯೋ, ನೀವೇನಾ ಮುರಿದದ್ದು!" ಎಂದರು. ವನಜಾಕ್ಷಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ಹೌದಮ್ಮ, ನಾನೇ" ಎಂದು ನಕ್ಕರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಸೋಮವಾರ ನಾನು ಬೆರಳ ಮರಗಳ ಮುಂದೆ ಅಧಿಕೃತವಾಗಿ ಕೂತೆ. ಒಂದು ವರ್ಷದ ಕಳ್ಳ ಅಭ್ಯಾಸ ಇತ್ತಲ್ಲ, ಕೈ ಸರಾಗವಾಗಿ ಓಡಿತು. "ಇಷ್ಟು ಬೇಗ ಕಲಿತ್ರಾ? ಪರವಾಗಿಲ್ಲ" ಎಂದರು ಮೇಡಂ. ತರಗತಿಯಲ್ಲಿ ಅವರು ಹೊಸಬರಿಗೆ ಒಂದು ಪಾಠ ಸೇರಿಸಿದರು: "ವನಜಾಕ್ಷಿಯಂಥವರ ಕೈಯೇ ಒಂದು ದಿನ ಜಾರಿತು. ನಿಮ್ಮ ಕೈಯನ್ನ ನೀವು ನಂಬಬೇಡಿ." ಮೇಡಂ ತೀರಿಕೊಂಡ ವರ್ಷ ನಾನೂ ಕೆಲಸ ಬಿಟ್ಟೆ. ಸಹನಾ ಆ ಪಾಠವನ್ನು ಹಾಗೇ ಮುಂದುವರಿಸಿದ್ದಾಳೆ. ಹೊಸದಾಗಿ ಸೇರಿದ ನಾಲ್ವರೂ ಮೊದಲ ದಿನವೇ ಅದನ್ನು ಕೇಳಿದ್ದಾರೆ. ಅವರಿಗೆ ವನಜಾಕ್ಷಮ್ಮ ಎಂದರೆ ಕೊಂಬೆ ಮುರಿದ ಹೆಂಗಸು, ಬೇರೇನೂ ಅಲ್ಲ.

ಇಷ್ಟನ್ನು ಬರೆದುಕೊಂಡು ಮೊನ್ನೆ ಬಿನ್ನಿಪೇಟೆಗೆ ಹೋಗಿದ್ದೆ. ವನಜಾಕ್ಷಮ್ಮನಿಗೆ ಈಗ ಬೆಳಕು ಕತ್ತಲೆ ಇಷ್ಟೇ ಗೊತ್ತಾಗುವುದು. ಈಗ ಅವರ ಜೊತೆಗಿರುವ ನೆಂಟರ ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ನಾನು ಓದಿದೆ. ಟೆಂಪೋ ಕಥೆಗೆ ನಕ್ಕರು, ಮರಳಿನ ತಟ್ಟೆಗೆ ತಲೆ ಚಚ್ಚಿಕೊಂಡರು. ಕೊಂಬೆಯ ವಿಷಯ ಬಂದಾಗ ಲೋಟ ಕೆಳಗಿಟ್ಟರು. ಓದಿ ಮುಗಿಸಿದೆ.

"ಆವತ್ತು ನೀವು ಸುಮ್ಮನಿದ್ದದ್ದು ಸರಿ. ನಾನೇ ಮುಂದಾಗಿ ಹೇಳಿದ್ದು" ಎಂದರು. ಆಮೇಲೆ, "ನಾನು ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಮೇಡಂ ಹೋಗಿ?"

"ಆರು."

"ಒಂಬತ್ತು ವರ್ಷದಿಂದ ನನ್ನ ಕಣ್ಣು ಕಂಡ್ರೆಷ್ಟು, ಬಿಟ್ರೆಷ್ಟು? ಯಾರೂ ನನ್ನನ್ನ ಕೆಲಸದಿಂದ ತೆಗೆಯೋ ಹಾಗಿರ್ಲಿಲ್ಲ. ಸಹನಾ ನನ್ನ ಹೆಸರು ಹೇಳಿ ಪಾಠ ಮಾಡ್ತಿದಾಳೆ ಅಂತ ನಿಮಗೆ ಗೊತ್ತಿತ್ತು. ಈ ಒಂಬತ್ತು ವರ್ಷ ಯಾಕೆ ಸುಮ್ಮನಿದ್ರಿ ಬಸವರಾಜಣ್ಣ?"

ನನ್ನ ಹತ್ತಿರ ಉತ್ತರ ಇತ್ತು. "ತೋಟದಲ್ಲಿ ನಂಗೆ ಒಳ್ಳೆ ಹೆಸರಿತ್ತು. ಅದು ಹೋಗುತ್ತೆ ಅಂತ" ಎಂದೆ.

ಅವರು ತಲೆಯಾಡಿಸಿದರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. "ಹಾಗೇ ಬರೀರಿ" ಎಂದರು. "ನನ್ನ ಕಣ್ಣಿನ ವಿಷಯಾನೂ ಬಿಡ್ಬೇಡಿ. ಬರೆದು, ಆ ನಾಲ್ಕು ಜನರ ಮುಂದೆ ನೀವೇ ಓದಿ. ಇನ್ನೊಬ್ಬರ ಕೈಲಿ ಓದಿಸ್ಬೇಡಿ."

ಆದ್ದರಿಂದ ಹೊಸಬರಿಗೆ ನಾನು ಓದಿ ಹೇಳುವುದು ಇಷ್ಟು. ಆ ಹುಣಸೆಯ ಕೊಂಬೆ ಮುರಿದವನು ಬಸವರಾಜು. ವನಜಾಕ್ಷಮ್ಮ ಈ ತೋಟದಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದರು, ಕೊನೆಯ ಎಂಟು ವರ್ಷ ಕಣ್ಣು ಸರಿಯಾಗಿ ಕಾಣದೆಯೇ ಮಾಡಿದರು. ಅವರ ಕೈಯಲ್ಲಿ ಒಂದು ಕೊಂಬೆಯೂ ಮುರಿದಿಲ್ಲ.